ತಂಗಿಯಿಂದ ತೆಗೆದುಕೊಂಡ ಫೀ

ಗಂಡ ಸತ್ತ ತಿಂಗಳೊಳಗೆ ನನ್ನ ತಂಗಿ ಗಜೇಂದ್ರಗಡದಿಂದ ಬಸ್ಸು ಹತ್ತಿ ರೋಣದ ನನ್ನ ಆಫೀಸಿಗೆ ಬಂದಳು. ನಾನು ವಕೀಲ. ಆಕೆಯ ಗಂಡ ಮಗ್ಗದ ಮನೆಗಳಿಂದ ಸೀರೆ ಎತ್ತಿ ಅಂಗಡಿಗಳಿಗೆ ಹಾಕುತ್ತಿದ್ದವ. ಬೈಕಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಬರುವಾಗ ಟಿಪ್ಪರ್ ಬಡಿದು ರಸ್ತೆಯಲ್ಲೇ ಪ್ರಾಣ ಹೋಯಿತು. ಉಳಿದವರು ಆಕೆ ಮತ್ತು ಒಂಬತ್ತು ವರ್ಷದ ಮಗಳು. ಆಕೆ ಕುರ್ಚಿಯಲ್ಲಿ ಕೂತು ಮೊದಲು ಕೇಳಿದ್ದು ಪರಿಹಾರ ಎಷ್ಟು ಬರುತ್ತದೆ ಎಂದಲ್ಲ. ನಿನ್ನ ಫೀ ಎಷ್ಟು, ಈಗಲೇ ಹೇಳಿಬಿಡು, ಛಾಪಾ ಕಾಗದದ ಮೇಲೆ ಬರೆದುಕೊಡುತ್ತೇನೆ ಎಂದಳು. ವ್ಯಾಪಾರದ ಮನೆ ಸೇರಿದವಳು, ಬಾಯಿಮಾತಿನ ಬೆಲೆ ಗೊತ್ತಿತ್ತು.

ನಾನು ನಕ್ಕೆ. ಬಂದ ಪರಿಹಾರದಲ್ಲಿ ವಕೀಲನಿಗೆ ಇಷ್ಟು ಪಾಲು ಎಂಬ ಕರಾರು ನಮ್ಮ ಕಸಬಿಗೆ ನಿಷಿದ್ಧ, ಬರೆದುಕೊಂಡರೂ ಕೋರ್ಟು ಅದನ್ನು ಮೂಸಿ ನೋಡುವುದಿಲ್ಲ ಎಂದು ತಿಳಿಸಿ ಹೇಳಿದೆ. ಅದು ನಿಜ. ನಿಜವೆಂದು ಗೊತ್ತಿರುವುದರಿಂದಲೇ ನಮ್ಮಲ್ಲಿ ಕೆಲವರು ಕಕ್ಷಿದಾರನ ಪಾಸ್‌ಬುಕ್ಕನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ. ಕೆಲವರು ಖಾಲಿ ಚೆಕ್ಕಿಗೆ ಸಹಿ ಹಾಕಿಸುತ್ತಾರೆ. ಹಳಬರೊಬ್ಬರು ದೇವರ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಮಾಡಿಸುತ್ತಿದ್ದರು. ಕಾಯಿದೆ ವಸೂಲು ಮಾಡಿಕೊಡದ್ದನ್ನು ಅವರಿಗೆ ದೇವರು ಮಾಡಿಕೊಡುತ್ತಿದ್ದ. ನನಗೆ ಇದೊಂದೂ ಬೇಕಿರಲಿಲ್ಲ. ನಿನ್ನ ಕಡೆಯಿಂದ ರೊಕ್ಕ ತೆಗೆದುಕೊಂಡರೆ ನಾನು ಎಂಥ ಅಣ್ಣ ಎಂದೆ. ಆಕೆಯ ಕಣ್ಣಲ್ಲಿ ನೀರು ಬಂತು. ನನಗೂ ಬಂತು ಎಂದು ಬರೆದರೆ ನೀವು ನಂಬಬಾರದು.

ನನಗೆ ಬೇಕಿದ್ದದ್ದು ಹೊಲ. ಹೊಳೆಆಲೂರಿನ ಕಡೆ ಅಪ್ಪ ಬಿಟ್ಟುಹೋದ ಆರು ಎಕರೆ ಕಪ್ಪು ಮಣ್ಣಿನ ಎರಿ ಹೊಲ ಅವ್ವ, ನಾನು, ತಂಗಿ ಮೂವರ ಹೆಸರಿಗೆ ಇತ್ತು. ಆಕೆಯ ಪಾಲಿಗೆ ಎರಡು ಎಕರೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ನಾನು ಕೋರ್ಟಿನಲ್ಲಿ ಗಂಟಲು ಹರಿಯುವ ಹಾಗೆ ವಾದ ಮಾಡಿದವನು, ಮಾಡಿ ಗೆದ್ದವನು. ಅವರೆಲ್ಲ ಬೇರೆಯವರ ಮನೆಯ ಹೆಣ್ಣುಮಕ್ಕಳು.

ಎರಡು ವರ್ಷಕ್ಕೆ ಪರಿಹಾರದ ಆದೇಶವಾಯಿತು. ವಿಮೆಯವರು ಹಣ ತಂದು ಕೋರ್ಟಿನಲ್ಲಿ ಕಟ್ಟಿದರು. ದೊಡ್ಡ ಭಾಗ ಮಗಳ ಹೆಸರಿಗೆ, ಆಕೆಗೆ ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ. ಉಳಿದದ್ದು ತಂಗಿಯ ಖಾತೆಗೆ ಹೋಗಬೇಕು. ಅದಕ್ಕೆ ನಾನು ಒಂದು ಅರ್ಜಿ ಹಾಕಬೇಕು. ಒಂದು ಪುಟದ ಅರ್ಜಿ, ಅರ್ಧ ಗಂಟೆಯ ಕೆಲಸ. ನಾನು ಹಾಕಲಿಲ್ಲ. ತಂಗಿ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದಳು, ಫೈಲು ಸಿಗುತ್ತಿಲ್ಲ ಎನ್ನುತ್ತಿದ್ದೆ. ಇತ್ತ ಮನೆಯಲ್ಲಿ ಊಟಕ್ಕೆ ಕೂತಾಗ, ಎರಡು ವರ್ಷ ಪುಕ್ಕಟೆ ದುಡಿದೆ, ಆಕೆ ಹೊಲದ ಪಾಲು ಬಿಟ್ಟುಕೊಟ್ಟರೆ ನನಗೇನೂ ಬೇಡ ಎಂದು ಅವ್ವನ ಕಿವಿಗೆ ಬೀಳುವಷ್ಟು ಗೊಣಗಿದೆ. ಮಗನ ಅನ್ನ ಉಣ್ಣುವ ವಿಧವೆಗೆ ಇದಕ್ಕಿಂತ ಬಿಡಿಸಿ ಹೇಳುವುದು ಬೇಕಿಲ್ಲ.

ಅವ್ವ ಮಗಳನ್ನು ಕರೆಸಿಕೊಂಡಳು. ನಾನು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದೆ, ಅವರಿಬ್ಬರೂ ಅಡುಗೆಮನೆಯಲ್ಲಿದ್ದರು.

"ನಿಮ್ಮಣ್ಣ ನಿನ್ನ ಕಡಿಂದ ಒಂದ್ ರೂಪಾಯಿ ಮುಟ್ಟಿಲ್ಲ. ಹೊಲದ್ದೊಂದು ಸಹಿ ಮಾಡಿಬಿಡು. ಅದ ಆತನ ಫೀ ಅಂತ ತಿಳ್ಕೊ," ಎಂದಳು ಅವ್ವ.

ಸಹಿ ಮಾಡಿದರೆ ಕೋರ್ಟಿನ ರೊಕ್ಕ ಬರುತ್ತದೆಯೇ ಎಂದಷ್ಟೇ ತಂಗಿ ಕೇಳಿದಳು. ಸೋಮವಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕುಬಿಡುಗಡೆ ಪತ್ರ ನೋಂದಣಿಯಾಯಿತು. "ಪ್ರೀತಿ ವಾತ್ಸಲ್ಯದಿಂದ, ಯಾವ ಪ್ರತಿಫಲವನ್ನೂ ಪಡೆಯದೆ" ಎಂಬ ಸಾಲನ್ನು ನಾನೇ ಹೇಳಿ ಬರೆಸಿದೆ. ಫೈಲು ಅಂದೇ ಮಧ್ಯಾಹ್ನ ಸಿಕ್ಕಿತು.

ಮರುವರ್ಷ ಕಡಲೆಯ ಪೀಕು ಬಂದಾಗ, ಮಗಳ ಸಾಲಿಯ ಖರ್ಚಿಗೆ ಎರಡು ಚೀಲದ ರೊಕ್ಕವಾದರೂ ಕೊಡು ಎಂದಳು. ಸಹಿ ಮಾಡಿದರೂ ತವರಿನ ಪೀಕಿನಲ್ಲಿ ತನಗೊಂದು ಪಾಲು ಇದ್ದೇ ಇರುತ್ತದೆ ಎಂದು ಆಕೆ ತಿಳಿದಿದ್ದಳು. ಇಲ್ಲ, ಕಾಗದ ಓದಿಕೋ ಎಂದೆ. ಆಗ ಆಕೆ ದಾವೆ ಹೂಡಿದಳು. ನಾನು ದಿನವೂ ಕೂಡಿ ಚಹಾ ಕುಡಿಯುವ ವಕೀಲರು ಯಾರೂ ಆಕೆಯ ವಕಾಲತ್ತಿಗೆ ಕೈ ಹಾಕಲಿಲ್ಲ. ನರಗುಂದದಿಂದ ಒಬ್ಬ ಎಳೆಯ ವಕೀಲ ಬಂದ. ಇದು ಪ್ರೀತಿಯ ಪತ್ರವಲ್ಲ, ಮುಸುಕು ಹಾಕಿದ ಫೀ. ಕೇಸಿನ ಹಣ ತಡೆಹಿಡಿದು ವಕೀಲ ತನ್ನ ಕಕ್ಷಿದಾರಳಿಂದ ಕಿತ್ತುಕೊಂಡದ್ದು. ಆದ್ದರಿಂದ ರದ್ದಾಗಬೇಕು ಎಂಬುದು ಅವನ ವಾದ. ವಾದ ಚೆನ್ನಾಗಿತ್ತು. ನಾನೇ ಆಕೆಯ ವಕೀಲನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ಆದರೆ ಅಡುಗೆಮನೆಯ ಮಾತನ್ನು ಕೇಳಿದವರು ಮೂವರೇ. ಒಬ್ಬಳು ವಾದಿ, ಒಬ್ಬ ಪ್ರತಿವಾದಿ. ಮೂರನೆಯವಳು ನನ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಅವ್ವನನ್ನು ಸಾಕ್ಷಿಗೆ ಕರೆಯುವುದು ಬೇಡ ಎಂದು ಆ ಹುಡುಗ ಹೇಳಿದ್ದನಂತೆ. ನಮ್ಮವ್ವ ಆಣೆ ಮಾಡಿ ಸುಳ್ಳು ಹೇಳುವವಳಲ್ಲ ಎಂದು ತಂಗಿ ಹಟ ಹಿಡಿದಳಂತೆ. ಸಮನ್ಸು ನನ್ನ ಮನೆಗೇ ಬಂತು. ನಾನೇ ಅವ್ವನಿಗೆ ಓದಿ ಹೇಳಿದೆ.

ನಾನು ಸುಳ್ಳು ಹೇಳುವುದಿಲ್ಲ, ಹೇಳಿಸುತ್ತೇನೆ, ಅದು ಕಸಬು. ಎಂಟು ದಿನ ಅಡುಗೆಮನೆಯ ಬಾಗಿಲಲ್ಲಿ ಕೂತು ನರಗುಂದದ ವಕೀಲನ ಹಾಗೆ ಪ್ರಶ್ನೆ ಕೇಳಿದೆ. ಅವ್ವ ಮೊದಲ ದಿನ, ನಾ ಅಂದಿದ್ದೆನಲ್ಲಪಾ, ಫೀ ಅಂತ ತಿಳ್ಕೊ ಅಂತ, ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ದನಿ ಏರಿಸಲಿಲ್ಲ.

"ಹಂಗಂದ್ರ ನನ್ನ ವಕೀಲಿ ಸನದು ಹೋಗತೈತಿ. ಸನದು ಹೋದ್ರ ನಾ ಕರಿ ಕೋಟು ಹಾಕಂಗಿಲ್ಲ. ಆಮ್ಯಾಲ ನೀ ಎಲ್ಲಿ ಉಣ್ತಿ?"

ಅವ್ವ ಕೈಗೆ ಹತ್ತಿದ ಹಿಟ್ಟನ್ನು ಕೊಡವಿಕೊಂಡಳು. ಕೊನೆಗೆ, ನೀ ಹೇಳಿದ ಹಾಗೇ ಹೇಳುತ್ತೇನೆ, ಆದರೆ ಎಲ್ಲ ಮುಗಿದ ಮೇಲೆ ನಾಗರ ಪಂಚಮಿಗೆ ನನ್ನ ಮಗಳನ್ನು ಮನೆಗೆ ಕರೆತರಬೇಕು ಎಂದಳು. ಆಗಲಿ ಎಂದೆ. ಆ ಗಳಿಗೆಯಲ್ಲಿ ಏನು ಕೇಳಿದ್ದರೂ ಆಗಲಿ ಎನ್ನುತ್ತಿದ್ದೆ.

ಕಟಕಟೆಯಲ್ಲಿ ಅವ್ವ ಸೆರಗು ಹೊದ್ದು ನಿಂತಳು. ದೇವರ ಮುಂದೆ ಸತ್ಯವನ್ನೇ ಹೇಳುತ್ತೇನೆ ಎಂದಳು. ಹೊಲದ ಸಹಿ ನಿನ್ನ ಅಣ್ಣನ ಫೀ ಎಂದು ಮಗಳಿಗೆ ಹೇಳಿದ್ದು ಹೌದೇ ಎಂದು ಹುಡುಗ ಕೇಳಿದ. ಇಲ್ಲ, ನನ್ನ ಮಗಳು ಪ್ರೀತಿಯಿಂದಲೇ ಬಿಟ್ಟುಕೊಟ್ಟಿದ್ದಾಳೆ ಎಂದಳು. ಹುಡುಗನ ಮುಖ ಇಳಿಯಿತು. ನಿಮ್ಮ ಮಗ ಹೀಗೆ ಹೇಳಲು ಕಲಿಸಿಕೊಟ್ಟಿದ್ದಾರಲ್ಲವೇ ಎಂದು ಕೆದಕಿದ. ಆ ಪ್ರಶ್ನೆಗೆ ನಾನು ಉತ್ತರ ಕಲಿಸಿರಲಿಲ್ಲ.

"ನನ್ನ ಮಗ ನನಗೇನು ಕಲಿಸ್ತಾನ್ರೀ. ನಾ ಆತಗ ಮಾತು ಕಲಿಸಿದಾಕಿ," ಎಂದಳು ಅವ್ವ.

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಇಂಥ ಸಾಕ್ಷಿ ನನಗೆ ಮೂವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ, ಹೆಮ್ಮೆಯೇ ಆಯಿತು. ತಂಗಿ ಹಿಂದಿನ ಬೆಂಚಿನಲ್ಲಿ ಮಗಳ ಕೈ ಹಿಡಿದು ಕೂತಿದ್ದಳು. ಆ ಹುಡುಗಿ ಅಜ್ಜಿಯನ್ನು ನೋಡಿ ಕೈ ಬೀಸಿದಳು. ತಂಗಿ ಆ ಕೈಯನ್ನು ಕೆಳಗಿಳಿಸಿದಳು. ಪತ್ರದಲ್ಲಿ ಬರೆದದ್ದನ್ನು ವಾದಿಯ ಸಾಕ್ಷಿಯೇ ಒಪ್ಪಿದ್ದಾಳೆ, ಫೀ ಎಂಬುದಕ್ಕೆ ಬೇರೆ ಪುರಾವೆ ಇಲ್ಲ ಎಂದು ದಾವೆ ವಜಾ ಆಯಿತು.

ಪಂಚಮಿ ಬಂತು. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿಗೆ ತುಂಬಿ, ಫೋನು ಹಚ್ಚು ಎಂದಳು. ಕೊಟ್ಟ ಮಾತಿಗಿಂತ ಅವ್ವನ ಕಾಟಕ್ಕೆ ಅಂಜಿ ಹಚ್ಚಿದೆ, ಆಕೆಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಹಬ್ಬಕ್ಕೆ ಬಾ ಎಂದೆ. ತಂಗಿಯ ದನಿಯಲ್ಲಿ ಸಿಟ್ಟಿರಲಿಲ್ಲ.

"ನಾ ಪ್ರೀತಿಲೇ ಬಿಟ್ಟೀನಿ ಅಂತ ಅವ್ವ ದೇವರ ಮುಂದ ಹೇಳ್ಯಾಳ. ಬಿಟ್ಟ ಮನಿಗೆ ಹ್ಯಾಂಗ ಬರ್ಲಿ ಅಣ್ಣಾ?"

ಅವ್ವ ಡಬ್ಬಿಯ ಮುಚ್ಚಳ ಹಾಕಿ ಮೂರು ದಿನ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ನನ್ನ ಮುಂದೆ ಬಂದು ಕೂತಳು. ತಂಗಿ ಮೇಲಿನ ಕೋರ್ಟಿಗೆ ಹೋಗಿದ್ದಾಳೆಂದು ಯಾರೋ ಹೇಳಿದ್ದರು. ಅಲ್ಲಿಗೆ ತಾನೂ ಹೋಗಿ, ಅವತ್ತು ಹೇಳಿದ್ದು ಸುಳ್ಳು ಎಂದು ಹೇಳಿ ಬರುತ್ತೇನೆ ಎಂದಳು. ಅಪೀಲಿನಲ್ಲಿ ಸಾಕ್ಷಿಯನ್ನು ಮತ್ತೆ ಕರೆಯುವುದಿಲ್ಲ, ಕೆಳಗೆ ಬರೆದುಕೊಂಡದ್ದನ್ನೇ ಓದುತ್ತಾರೆ ಎಂದು ವಿವರಿಸಿದೆ. ಯಾರೂ ಕರೆಯದಿದ್ದರೂ ಹೋಗುತ್ತೇನೆ ಎಂದಳು. ನನ್ನ ಸಹನೆ ಹೋಯಿತು. ಎಪ್ಪತ್ತು ದಾಟಿದ ತಾಯಿಗೆ, ಹೆದರಲಿ ಎಂದೇ, ಹೇಳಿದೆ:

"ಹಂಗೇನರ ಅಂದ್ರ ಸುಳ್ಳು ಸಾಕ್ಷಿ ಹೇಳಿದ್ದಕ್ಕ ನಿನ್ನ ಮ್ಯಾಲ ಕೇಸ್ ಆಗತೈತಿ. ಜೇಲ್ ಆಗತೈತಿ."

ಅವ್ವ ಹೆದರಲಿಲ್ಲ. ಲೆಕ್ಕ ಹಾಕುವವಳಂತೆ, ಆ ಕೇಸಿನಲ್ಲಿ ತನ್ನ ಮಾತು ಕೇಳುತ್ತಾರೆಯೇ ಎಂದಳು. ಕಸಬಿನ ರೂಢಿ, ಬಾಯಿಗೆ ಸರಿಯಾದ ಉತ್ತರವೇ ಬಂತು: ಕೇಳುತ್ತಾರೆ, ಆರೋಪಿಯ ಮಾತು ಕೇಳಲೇಬೇಕು.

"ಹಂಗಾರ ಹಾಕಪಾ ಆ ಕೇಸ. ಅಲ್ಲ್ಯಾದ್ರೂ ಖರೇ ಹೇಳ್ತೀನಿ."

ನಾನು ಹಾಕಲಿಲ್ಲ. ಹಾಕಿದ್ದೇನೆ ಎಂದು ಹೇಳಿದ್ದೇನೆ. ಅವ್ವ ವಾರಕ್ಕೊಮ್ಮೆ ನನ್ನ ಕೋಟಿನ ತೋಳು ಹಿಡಿದು, ತನ್ನ ಕೇಸು ಯಾವಾಗ ಎಂದು ಕೇಳುತ್ತಾಳೆ. ಇನ್ನೂ ತಾರೀಖು ಹಚ್ಚಿಲ್ಲ ಎಂದು ಹೇಳಿ ಕೋರ್ಟಿಗೆ ಹೋಗುತ್ತೇನೆ.