ಹೊರಗಿನ ತಟ್ಟೆ

ನಮ್ಮಕ್ಕ ನಾಗವೇಣಿಗೆ ಕಿವಿ ಕೇಳಲ್ಲ, ಮಾತೂ ಬರಲ್ಲ. ಹೊರಮಾವಿನ ನಮ್ಮ ಮನೆಯಲ್ಲಿ ತಿಂಗಳಿಗೆ ಮೂರು ದಿನ ಹೆಂಗಸರು ಜಗಲಿಯಲ್ಲೇ ಕೂರಬೇಕಿತ್ತು. ಅದಕ್ಕೇ ಅಂತ ಬೇರೆ ಒಂದು ಅಲ್ಯೂಮಿನಿಯಂ ತಟ್ಟೆ. ಗಾಳಿಯಲ್ಲಿ ಬೆರಳಿಂದ ತಟ್ಟೆ ಬರೆದರೆ ಮುಟ್ಟು ಅಂತ, ಅಕ್ಕತಂಗಿಯರಾದ ನಮ್ಮಿಬ್ಬರ ಸನ್ನೆ.

ತೊಂಬತ್ತೇಳರಲ್ಲಿ, ಅವಳಿಗೆ ಇಪ್ಪತ್ನಾಲ್ಕು ವರ್ಷವಾಗಿದ್ದಾಗ, ಅಮ್ಮ ನಮ್ಮಿಬ್ಬರನ್ನೂ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು.

"ತಿಂಗಳ ತಿಂಗಳ ಗೋಳು ತಪ್ಪಲಿ, ಗರ್ಭಕೋಶ ತೆಗೆಸ್ತಿದೀನಿ. ಅವಳಿಗೆ ಹೊಟ್ಟೆನೋವಿನ ಆಪರೇಷನ್ ಅಂತ ಹೇಳು" ಅಂದಳು.

ಡಾಕ್ಟರ್ ಅನ್ನಿಸಿಕೊಂಡವನು ಅಕ್ಕನ ಮುಖ ಕೂಡ ನೋಡಲಿಲ್ಲ. ನಾನು ಹೊಟ್ಟೆ ಹಿಡಿದು ತೋರಿಸಿದೆ. ನನ್ನನ್ನು ನಂಬಿ ಅವಳು ಹೆಬ್ಬೆಟ್ಟು ಒತ್ತಿದಳು. ಆ ಸುಳ್ಳು ಹೇಳಿದ್ದು ಇವೇ ಕೈಗಳು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಹಿತ್ತಲಿಗೆ ಎಳೆದಳು. ಗಾಳಿಯಲ್ಲಿ ತಟ್ಟೆ ಬರೆದು, ಇಲ್ಲ ಅಂತ ಕೈ ಆಡಿಸಿದಳು. ಆಮೇಲೆ ಮಗು ಎತ್ತಿಕೊಂಡ ಹಾಗೆ ತೋಳು ತೂಗಿದಳು.

ಬಸುರಿ ಅಂದುಕೊಂಡಿದ್ದಾಳೆ! ಮದುವೆಯೇ ಆಗದವಳಿಗೆ ಈ ಭಯ ಎಲ್ಲಿಂದ ಬಂತು? ಯಾರು ಅಂತ ಸನ್ನೆಯಲ್ಲೇ ಕೇಳಿದೆ.

ಅವಳ ಬೆರಳು ಸೋದರಮಾವನ ಕೋಣೆಯ ಕಡೆ ತಿರುಗಿತು. ಅಮ್ಮನ ತಮ್ಮ, ನಮ್ಮ ಮನೆಯಲ್ಲೇ ಇದ್ದವನು.

ಹಿಂದೆ ನೋಡಿದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಇನ್ಮೇಲೆ ಏನೂ ಆಗಲ್ಲ ಅಂತ ಹೇಳು ಅವಳಿಗೆ" ಅಂದಳು. "ಅದಕ್ಕೇ ತಾನೆ ಮಾಡ್ಸಿದ್ದು."