ಧೂಳು ಕೂರದ ಪಾಲಿಶ್

ಅವತ್ತು ಮಧ್ಯಾಹ್ನ ನನ್ನ ಗಂಡ ಸೂರ್ಯಕಾಂತ ಒಂದು ಕಪ್ಪು ಕಾರಿನ ಬಾಗಿಲಿಗೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತಿನಿಂದ ಕುಕ್ಕರಗಾಲಲ್ಲಿ ಕೂತಿದ್ದರು. ದಾರಿಯಲ್ಲಿ ಹೋಗುವವರು ನೋಡಿದರೆ ಕಾರಿನ ಎದೆಬಡಿತ ಕೇಳುತ್ತಿದ್ದಾರೆ ಅನ್ನಬೇಕು. ಅವರು ನೋಡುತ್ತಿದ್ದದ್ದು ಬಣ್ಣದ ಮೇಲಿನ ಕೂದಲೆಳೆಯಂಥ ಗೆರೆಗಳನ್ನು. ನಿಂತು ನೋಡಿದರೆ ಅವು ಕಾಣುವುದಿಲ್ಲ, ಗಾಡಿಯ ಮೈಗೆ ಕಣ್ಣು ಸಮ ಮಾಡಬೇಕು ಎನ್ನುತ್ತಿದ್ದರು. ನಾನು ಊಟಕ್ಕೆ ಕರೆದೆ.

“ಬಂದೆ. ಚಕ್ರದ್ದು ಒಂದೇ ನಟ್ ಉಳದದ.”

“ಆಗಿಂದ ಒಂದೇ ಉಳದದ ಅಂತೀರಿ.”

“ಆಗಿಂದ ಅದೇ ನಟ್ ಅದ, ಸುರೇಖಾ. ಬ್ಯಾರೆ ಹೇಳೀನೇನು?”

ಹಲ್ಲುಜ್ಜುವ ಬ್ರಷ್ಷಿನಿಂದ ಆ ನಟ್ಟು ಮುಗಿಸಿ ಬಂದರು. ರೊಟ್ಟಿ ಉಂಡರು, ಶೇಂಗಾ ಹಿಂಡಿ ಖಾರವಾಯಿತು ಅಂದರು, ಮತ್ತೆ ಹೋಗಿ ಕಾರಿನ ಹತ್ತಿರ ಕೂತರು. ಹೇಳುವಂಥದ್ದು ಬೇರೆ ಏನೂ ನಡೆಯಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕೇಳಿ ಕಟ್ಟೆಯ ಮೇಲೆ ಕೂತವರು ನಾನು ಚಹಾ ತರುವುದರೊಳಗೆ ಹೋಗಿಬಿಟ್ಟಿದ್ದರು.

ಬೀದರದಲ್ಲಿ ಈಗಲೂ ನನ್ನ ಗಂಡನ ಹೆಸರು ತೆಗೆದರೆ ಜನ, “ಅವರ ಪಾಲಿಶ್ ಮ್ಯಾಲ ಧೂಳೇ ಕೂಡತಿದ್ದಿಲ್ಲ” ಎನ್ನುತ್ತಾರೆ. ಅದು ಸುಳ್ಳು. ಅವರು ಇರುವವರೆಗೂ ಅದು ಸುಳ್ಳೆಂದು ಹೇಳುತ್ತಲೇ ಇದ್ದರು. ಯಾರೂ ಕೇಳಲಿಲ್ಲ. ನಾನು ಏಳನೆಯ ತರಗತಿಯವರೆಗೆ ಓದಿದವಳು. ನಡೆದದ್ದನ್ನು ನಡೆದಂತೆ ಬರೆಯುವಷ್ಟು ಬರುತ್ತದೆ.

ಅವರು ಪುಣೆಯಲ್ಲಿ, ಕಾರುಗಳಿಗೆ ಒಳಗೂ ಹೊರಗೂ ಹೊಸ ಕಳೆ ಕೊಡುವ ಅಂಗಡಿಯೊಂದರಲ್ಲಿ ಕೆಲಸ ಕಲಿತರು. ಕೆಲಸ ಅವರದು, ಹೆಸರು ಅಂಗಡಿಯದು. “ನನ್ನ ಕೈಗಿ ನನ್ನ ಹೆಸರ ಬರಬೇಕು” ಎನ್ನುವುದೊಂದೇ ಅವರ ಆಸೆ. ಅದಕ್ಕಾಗಿ ಊರಿಗೆ ಬಂದರು. ಆದರೆ ಬಂದ ಹೊತ್ತು ಎಂಥದ್ದು? ಮಳೆ ಎರಡು ವರ್ಷ ಕೈಕೊಟ್ಟು ಔರಾದ್, ಭಾಲ್ಕಿ ಕಡೆಯ ಜನ ಗಂಟು ಕಟ್ಟಿಕೊಂಡು ಪುಣೆ, ಹೈದರಾಬಾದಿಗೆ ಹೋಗುತ್ತಿದ್ದ ಹೊತ್ತು. ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಬರುವ ಬಸ್ಸಿನಲ್ಲಿ ಇವರೊಬ್ಬರೇ.

“ಉಲ್ಟಾ ಬಸ್ ಹತ್ತೀರೇನ್ರಿ?” ಎಂದು ಕಂಡಕ್ಟರ್ ಕೇಳಿದನಂತೆ.

“ಇಲ್ರಿ. ಬೀದರದಾಗ ಗಾಡಿ ತೊಳಿಯೋ ಅಂಗಡಿ ಹಾಕ್ಲತ್ತೇನಿ.”

ಕಂಡಕ್ಟರ್ ಇವರನ್ನು ಮೇಲಿಂದ ಕೆಳಗೆ ನೋಡಿ, “ಕರ್ಕೊಂಡು ಹೋಗ್ಲಾಕ ಮನಿಯವರು ಯಾರಾದ್ರೂ ಬರ್ತಾರೇನ್ರಿ?” ಅಂದನಂತೆ.

ಬೀದರದ ಚಿದ್ರಿಯಲ್ಲಿ ನಮ್ಮ ಮನೆಯ ಮುಂದೆ ತಗಡಿನ ಶೆಡ್ ಎದ್ದಿತು. ನಮ್ಮ ಓಣಿಗೆ ಆಗ ನೀರಿನ ಟ್ಯಾಂಕರ್ ನಾಲ್ಕು ದಿನಕ್ಕೊಮ್ಮೆ. ಮೊದಲ ಗಾಡಿ ಬಂದು ನಿಂತದ್ದೂ ಟ್ಯಾಂಕರಿನ ದಿನವೇ. ಕೊಡ ಹಿಡಿದ ಹೆಂಗಸರು ಶೆಡ್ಡಿಗೆ ಮುತ್ತಿದರು. ಮುಂದೆ ಎದುರುಮನೆಯ ಶಾಂತಾಬಾಯಿ.

“ಮಂದಿಗಿ ಕುಡಿಲಾಕ ನೀರಿಲ್ಲ, ನಿನ್ನ ಗಂಡ ಗಾಡಿಗಿ ಎಣ್ಣಿ ನೀರು ಹಾಕ್ತಾನೇನವಾ?”

ಅವರು ಜಗಳಕ್ಕೆ ಹೋಗಲಿಲ್ಲ. ಒಂದು ತಂಬಿಗೆ ನೀರು ತುಂಬಿ ಶಾಂತಾಬಾಯಿಯ ಕೈಗೆ ಕೊಟ್ಟರು. “ನೀವೇ ಹಿಡ್ಕೊಳ್ರಿ ಅಕ್ಕಾ. ಇದರ ಮ್ಯಾಲ ಒಂದು ಹನಿ ಕೇಳಿದ್ರ ಆ ಕೊಡ ನನ್ನ ತಲಿಗಿ ಹಾಕ್ರಿ.”

ಪುಣೆಯ ವಿದ್ಯೆ ಅದು. ಮೆತ್ತನೆಯ ಕುಂಚದಿಂದ ಧೂಳು ಉದುರಿಸಬೇಕು, ಸೀಸೆಯಿಂದ ಮದ್ದಿನ ನೀರು ಇಬ್ಬನಿಯಷ್ಟು ಚಿಮುಕಿಸಬೇಕು, ಬಟ್ಟೆಯಿಂದ ಕೊಳೆಯನ್ನು ಎತ್ತಬೇಕು. ಉಜ್ಜಬಾರದು. ಹಳೆಯ ಧೋತರ ಕತ್ತರಿಸಿ, ಅಂಚು ಹೊಲಿದು ಬಟ್ಟೆ ಮಾಡಿಕೊಡುವವಳು ನಾನು. ಶಾಂತಾಬಾಯಿ ಎರಡು ತಾಸು ತಂಬಿಗೆ ಹಿಡಿದು ನಿಂತಳು. ಉಳಿದವರೂ ಬಾಯಿ ತೆರೆದು ನಿಂತರು. ಗಾಡಿ ಮುಗಿದಾಗ ಅರ್ಧ ತಂಬಿಗೆ ನೀರು ಉಳಿದಿತ್ತು. ಅಷ್ಟರಲ್ಲಿ ಟ್ಯಾಂಕರ್ ಬಂದು ಹೋಗಿತ್ತು.

“ಗೆದ್ದಿ ಬಿಡಪ್ಪಾ,” ಎಂದಳು ಶಾಂತಾಬಾಯಿ. “ಈಗ ನಾಕ ದಿನ ಈ ಅರ್ಧ ತಂಬಿಗ್ಯಾಗ ನಾ ಏನ್ ಈಜಲೇನು?”

ನಮ್ಮ ಮನೆಯ ಹಂಡೆಯಿಂದ ಏಳು ಮನೆಗೆ ಒಂದೊಂದು ಕೊಡ ಕೊಟ್ಟೆವು. ಅರ್ಧ ತಂಬಿಗೆಯಲ್ಲಿ ಕಾರು ತೊಳೆದ ಕಥೆ ಊರೆಲ್ಲ ಹಬ್ಬಿತು. ಖಾಲಿ ಹಂಡೆಯ ಕಥೆ ನನಗೊಬ್ಬಳಿಗೇ ಗೊತ್ತು.

ಗಾಡಿಯ ಸೀಟಿನ ಸಂದಿಯಲ್ಲಿ ಸಿಕ್ಕದ್ದನ್ನೆಲ್ಲ ಪೊಟ್ಟಣ ಕಟ್ಟಿ ಮಾಲೀಕರ ಕೈಗೇ ಕೊಡುತ್ತಿದ್ದರು. ಬಗದಲ್‌ನ ಒಬ್ಬ ನಿವೃತ್ತ ಮಾಸ್ತರರ ಹಲ್ಲಿನ ಸೆಟ್ಟು ಹೀಗೆ ಸಿಕ್ಕಿತು. ಮಾಸ್ತರರು ನಾಲ್ಕು ತಿಂಗಳಿಂದ ಅಂಬಲಿ ಕುಡಿಯುತ್ತ, ಹಲ್ಲು ಸೊಸೆಯೇ ಬಚ್ಚಿಟ್ಟಿದ್ದಾಳೆಂದು ಅವಳೊಡನೆ ಮಾತು ಬಿಟ್ಟಿದ್ದರು. ಸೆಟ್ಟು ಹಾಕಿಕೊಂಡು ಆಡಿದ ಮೊದಲ ಮಾತೇ ಬೈಗುಳ: “ಇದಕ್ಕೂ ಪಾಲಿಶ್ ಹೊಡದೀಯೇನೋ? ನಾಲಿಗಿ ಜಾರಲತ್ತದ!”

“ತಪ್ಪಾತ್ರಿ ಮಾಸ್ತರ್ರೆ. ಕೈ ತಡೀಲಿಲ್ಲ,” ಅಂದರು ಇವರು.

ಕೆಲಸ ಅಷ್ಟು ಚೆನ್ನಾಗಿತ್ತು. ತೊಂದರೆಯಾದದ್ದೂ ಅದರಿಂದಲೇ. ಒಬ್ಬ ಗುತ್ತಿಗೆದಾರ ತನ್ನ ಬಿಳಿ ಗಾಡಿ ಒಯ್ದ ಮರುದಿನವೇ ತಿರುಗಿ ಬಂದ.

“ಏನ್ ಮಾಡಿಟ್ಟಿ ಸೂರ್ಯಕಾಂತ? ಮನ್ನಳ್ಳಿ ದಾರ್ಯಾಗ ಕೊಡ ಹಿಡದ ಮಂದಿ ಗಾಡಿ ತಡದು, ನೀರ ಎಲ್ಲಿ ಕದ್ದಿ ಅಂತ ಕೇಳ್ಯಾರ. ಮೊದಲಿನಂಗ ಹೊಲಸ ಮಾಡಿ ಕೊಡು!”

ಅವರು ಅವತ್ತು ಮಧ್ಯಾಹ್ನ ಊಟ ಬಿಟ್ಟರು. ಆಮೇಲೆ ಎದ್ದು ಬಂದು ನನ್ನ ಹಿಟ್ಟಿನ ಸಾಣಿಗೆ ಒಯ್ದರು. ಅಂಗಳದ ಕೆಂಪು ಮಣ್ಣನ್ನು ಮೂರು ಸಲ ಸಾಣಿಸಿ, ಮೇಣ ಹಚ್ಚಿ ಹೊಳೆಯುತ್ತಿದ್ದ ಮೈಮೇಲೆ ತೆಳ್ಳಗೆ ಉದುರಿಸಿದರು. ಚಕ್ರದ ಹಿಂದೆ ದಪ್ಪ. ಹಿಡಿಕೆಯ ಹತ್ತಿರ ಬೆರಳು ತಾಗಿದಷ್ಟು ಖಾಲಿ. ಮುಂದಿನ ಗಾಜಿನ ಮೇಲೆ ವೈಪರ್ ಆಡಿದಷ್ಟು ಬಿಟ್ಟು ಉಳಿದೆಡೆ ತುಂಬು.

“ಹೊಲಸ ಮಾಡೋದು ಬ್ಯಾರೆ, ಧೂಳ ಕೂಡಸೋದು ಬ್ಯಾರೆ,” ಎಂದು ಗುತ್ತಿಗೆದಾರನಿಗೆ ವಿವರಿಸಿದರು. ಒಳಗೆ ನೋಡಿದರೆ ಮದುಮಗನ ಕೋಣೆ, ಹೊರಗೆ ಬರಗಾಲ. ಅವನಿಗೆ ಖುಷಿಯೋ ಖುಷಿ. ನನ್ನ ಸಾಣಿಗೆ ಮಾತ್ರ ಅಡುಗೆಮನೆಗೆ ವಾಪಸು ಬರಲಿಲ್ಲ.

ಅಲ್ಲಿಂದ ಗಾಡಿಗಳು ಬರತೊಡಗಿದವು. ಹಳ್ಳಿ ತಿರುಗಿ ಬಂದ ಅಧಿಕಾರಿಗಳಿಗೆ, ವ್ಯಾಪಾರಿಗಳಿಗೆ ಗಾಡಿ ಚೊಕ್ಕಟವಾಗಬೇಕು, ಆದರೆ ಜನರ ಕಣ್ಣು ಕುಕ್ಕಬಾರದು. ಹೋಟೆಲಿನಲ್ಲಿ ಚಹಾ ಹೇಳಿದಂತೆ, “ನಂದೊಂದು ಔರಾದ್”, “ನಂದು ಹಾಫ್ ಭಾಲ್ಕಿ” ಎಂದು ಹೇಳಿ ಹೋಗುತ್ತಿದ್ದರು. ಗಾಡಿ ಯಾವ ಊರು ತಿರುಗಿದೆಯೋ ಆ ಊರಿನ ಧೂಳನ್ನೇ ಹಾಕಬೇಕು ಎನ್ನುವುದು ಇವರ ನಿಯಮ. ಬೀದರದ್ದು ಕೆಂಪು, ಉಳಿದೆರಡೂ ಕಪ್ಪು ಎಂದು ಎರಡೇ ಡಬ್ಬಿ ಇಟ್ಟಿದ್ದರು. ನಾನು ಭಾಲ್ಕಿಯವಳು, ತಡೆದೆ. “ನಮ್ಮೂರ ಮಣ್ಣ ಹಿಂಗಿರಂಗಿಲ್ರಿ. ಔರಾದಿನದರಾಗ ಸುಣ್ಣದ ಹರಳ ಇರ್ತಾವ.” ಅವತ್ತೇ ಮೂರನೆಯ ಡಬ್ಬಿ ಬಂತು.

ಹೆಸರೂ ಬಂತು. ಆದರೆ ‘ಧೂಳಿನ ಸೂರ್ಯಕಾಂತ’ ಎಂದು ಬಂತು. ಅವರಿಗೆ ಅದು ಹಿಡಿಸಲಿಲ್ಲ. “ಮಂದಿ ಗಾಡಿ ಮಿಂಚಸಿ ಹೆಸರ ಮಾಡ್ತಾರ. ನಾ ಮಣ್ಣ ಹಾಕಿ ಮಾಡ್ಲತ್ತೇನಿ,” ಅನ್ನುತ್ತಿದ್ದರು.

ಮಣ್ಣು ತೀರಿದಾಗ ಕೈಚೀಲ ಹಿಡಿದು ಬಸ್ಸಿನಲ್ಲಿ ಔರಾದಿಗೆ ಹೋಗಿ ತರುತ್ತಿದ್ದರು. ಒಮ್ಮೆ ಹಾಗೆ ಬರುವಾಗ ಪಕ್ಕದಲ್ಲಿ ಒಬ್ಬ ಮುದುಕಿ, ಮಗ ಸೊಸೆಯೊಂದಿಗೆ ಹೈದರಾಬಾದಿಗೆ ಕೆಲಸಕ್ಕೆ ಹೊರಟವಳು. ಚೀಲದಲ್ಲಿ ಏನೆಂದು ಕೇಳಿದಳು. ಮಣ್ಣು ಅಂದರು.

“ಊರ ಬಿಟ್ಟ ಹೊಂಟೀ, ಮಣ್ಣ ಜೋಡಿ ಒಯ್ಲತ್ತಿ. ನಮಗ ಯಾರಿಗೂ ಈ ಖಬರ ಇಲ್ಲ ನೋಡಪ್ಪಾ,” ಎಂದು ಒಂದು ಚಿಟಿಕೆ ಕೇಳಿ ತೆಗೆದುಕೊಂಡು, ಹಣೆಗೆ ಹಚ್ಚಿ, ಉಳಿದದ್ದನ್ನು ಸೆರಗಿಗೆ ಗಂಟು ಹಾಕಿಕೊಂಡಳಂತೆ. ಬಸ್ಸಿನಲ್ಲಿದ್ದ ಬೇರೆಯವರೂ ಕೈ ಚಾಚಿದರು. ಬೀದರ ಬರುವಷ್ಟರಲ್ಲಿ ಚೀಲ ಅರ್ಧವಾಗಿತ್ತು. “ಇದು ಗಾಡಿಗಿ ಹಾಕೋದು ಅಂತ ಆಕಿಗಿ ಹ್ಯಾಂಗ ಹೇಳ್ಲಿ?” ಎಂದು ಬಂದು ನನ್ನ ಮುಂದೆ ಕೂತರು. ಎರಡು ದಿನ ಔರಾದಿನ ಡಬ್ಬಿ ಮುಟ್ಟಲಿಲ್ಲ.

ಅದೇ ವಾರ ಒಬ್ಬ ದೊಡ್ಡ ಸಾಹೇಬರ ಡ್ರೈವರ್ ಬಾಬುಮಿಯಾ ಗಾಡಿ ತಂದ. “ಔರಾದ್ ಹಾಕ್ರಿ ಭಾಯಿ. ದಪ್ಪ ಹಾಕ್ರಿ. ನಾಕ ಹಳ್ಳಿ ತಿರುಗಿ ಬಂದಂಗ ಕಾಣಬೇಕು.”

“ತಿರುಗಿ ಬಂದ್ರೇನು?”

“ಎಲ್ಲಿದು! ಮೂರು ದಿನದಿಂದ ಮನ್ಯಾಗ ಕೂಲರ್ ಹಚ್ಕೊಂಡು ಮಲಗ್ಯಾರ. ನಾಳಿ ಬರಗಾಲದ ಮೀಟಿಂಗ್ ಅದ.”

ಅವರು ಡಬ್ಬಿಯ ಮುಚ್ಚಳ ಹಾಕಿದರು. “ಹೋಗದ ಊರಿನ ಧೂಳ ನಾ ಹಾಕಂಗಿಲ್ಲ.”

“ಭಾಯಿ, ಸಾಹೇಬ್ರು ಮನಸ್ಸ ಮಾಡಿದ್ರ ನಿಮ್ಮ ಶೆಡ್ ನಾಳಿಗಿ ಇರಂಗಿಲ್ಲ.”

“ಇರದಿದ್ರ ಇಲ್ಲ. ಪಾಲಿಶ್ ಬೇಕಾದ್ರ ಮಾಡಿ ಕೊಡ್ತೇನಿ.”

ಮಾಡಿದರು. ಅಂಥ ಪಾಲಿಶ್ ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಬಾಬುಮಿಯಾ ಬಾನೆಟ್ಟಿನಲ್ಲಿ ತನ್ನ ಮುಖ ನೋಡಿ, “ಯಾ ಅಲ್ಲಾ, ಗಡ್ಡ ಮಾಡಸ್ಬೇಕಿತ್ತು,” ಅಂದ.

ಶೆಡ್ ಕೀಳಲು ಬರುತ್ತಾರೆಂದು ನಾವು ಸಾಮಾನೆಲ್ಲ ಮನೆಯೊಳಗೆ ತಂದಿಟ್ಟೆವು. ಮೂರನೆಯ ದಿನ ಬಂದದ್ದು ಬಾಬುಮಿಯಾ, ಹೊಟ್ಟೆ ಹಿಡಿದು ನಗುತ್ತ. ಮೀಟಿಂಗಿನ ಬಾಗಿಲಲ್ಲಿ ಆ ಗಾಡಿ ಕಂಡು ಸಾಹೇಬರ ಮೇಲಿನ ಸಾಹೇಬರು, “ಔರಾದಿಗೆ ಹೋಗಿ ಬಂದ ಗಾಡಿ ಇದೇನಾ?” ಎಂದು ಕೇಳಿದರಂತೆ. ಮೈಸೂರು ಕಡೆಯವರಾದ ನಮ್ಮ ಸಾಹೇಬರು ರೆಪ್ಪೆ ಬಡಿಯದೆ, “ಹೌದು ಸರ್. ಚಿದ್ರಿಯಲ್ಲಿ ಒಬ್ಬ ಇದ್ದಾನೆ. ಅವನು ಪಾಲಿಶ್ ಮಾಡಿದರೆ ಧೂಳೇ ಕೂರಲ್ಲ,” ಎಂದರಂತೆ. ಮೇಲಿನ ಸಾಹೇಬರು ಔರಾದಿನ ಸುದ್ದಿ ಬಿಟ್ಟು ಪಾಲಿಶಿನ ಸುದ್ದಿ ಕೇಳಿದರಂತೆ. ಮರುದಿನ ಅವರದೇ ಎರಡು ಗಾಡಿ ನಮ್ಮ ಬಾಗಿಲಿಗೆ ಬಂದವು. ಹಿಂದೆ ಸಾಲು.

ಅವರು ಬಂದವರಿಗೆಲ್ಲ ಹೇಳಿದರು: “ಧೂಳ ಕೂಡ್ತದ್ರಿ. ಎಲ್ಲಾ ಗಾಡಿ ಮ್ಯಾಲ ಕೂಡ್ತದ, ಇದರ ಮ್ಯಾಲೂ ಕೂಡ್ತದ.” ಜನ ನಕ್ಕರು. ಒಬ್ಬ ಬಟ್ಟೆ ವ್ಯಾಪಾರಿ ಕಣ್ಣು ಹೊಡೆದು, “ಫಾರ್ಮುಲಾ ಹೇಳಬ್ಯಾಡ್ರಿ ಬಿಡ್ರಿ,” ಅಂದ. ಕೊನೆಗೆ ‘ಇಲ್ಲಿ ಮಾಡಿದ ಪಾಲಿಶ್ ಮೇಲೆ ಧೂಳು ಕೂರುತ್ತದೆ’ ಎಂದು ಬೋರ್ಡ್ ಬರೆಸಿ ತೂಗುಹಾಕಿಬಿಟ್ಟರು. ಎಂಥ ವಿನಯ ಎಂದು ಜನ ಅದರ ಫೋಟೊ ತೆಗೆದುಕೊಂಡು ಹೋದರು, ಗಿರಾಕಿಗಳು ಹೆಚ್ಚಾದರು. ಗಾಡಿ ಮಣ್ಣಾಗಿ ಬಂದವರು ಕೂಡ, “ನಂದೇ ಗಾಡಿ ಖರಾಬ್ ಅದ್ರಿ, ನಿಮ್ಮ ಪಾಲಿಶಿಗಿ ತಕ್ಕದ್ದಲ್ಲ,” ಎಂದು ತಲೆ ತಗ್ಗಿಸುತ್ತಿದ್ದರು.

ಒಂದು ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಸಾಹೇಬರ ಮನೆಗೇ ಹೋದರು. ಖರೆ ಏನೋ ಅದನ್ನು ನಾಲ್ಕು ಜನರ ಮುಂದೆ ಹೇಳಿಬಿಡಿ ಎಂದು ಕೇಳಿದರು.

“ಅಲ್ಲಯ್ಯಾ, ನಿನಗೆ ಹೆಸರು ಬಂತೋ ಇಲ್ಲವೋ?” ಎಂದರು ಸಾಹೇಬರು.

“ಬಂತ್ರಿ. ಅದು ನನ್ನ ಕೈದಲ್ರಿ, ನಿಮ್ಮ ಬಾಯಿದು.”

ಸಾಹೇಬರು ನಕ್ಕು, ಚಹಾ ಕೊಡಿಸಿ, “ಹೇಳೋಣ ಹೇಳೋಣ” ಎಂದು ಕಳಿಸಿದರು.

ಆಮೇಲೆ ಮಳೆ ಬಂತು. ಹೋದವರಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ. ಧೂಳಿನ ಡಬ್ಬಿಗಳಿಗೆ ಕೆಲಸ ಇಲ್ಲದಾಯಿತು. ಧೂಳು ಕೂರದ ಪಾಲಿಶಿನ ಹೆಸರು ಮಾತ್ರ ಹೋಗಲಿಲ್ಲ. ಒಂದೊಂದು ಸಲ ಕೆಲಸ ನಿಲ್ಲಿಸಿ, “ಸುರೇಖಾ, ಬರೇ ನನ್ನ ಕೈ ನೋಡಿ ಒಬ್ಬರಾದ್ರೂ ಬಂದಿರಬಹುದೇನು?” ಎಂದು ಕೇಳುತ್ತಿದ್ದರು. ಬಂದಿರಬಹುದು ಅನ್ನುತ್ತಿದ್ದೆ. ನನಗೆ ಗೊತ್ತಿರಲಿಲ್ಲ.

ಅವರು ಹೋದ ಒಂಬತ್ತನೆಯ ದಿನ ಸಾಹೇಬರು ಬಂದರು. ನಿವೃತ್ತರಾಗಿ ಬೀದರದಲ್ಲೇ ಮನೆ ಮಾಡಿದ್ದರು. ಅಂಗಳದ ತುಂಬ ಜನ. ಕುರ್ಚಿಯಲ್ಲಿ ಕೂತು, “ಅಂಥ ಪಾಲಿಶ್ ಇನ್ನು ಯಾರೂ ಮಾಡಲ್ಲ. ಔರಾದಿಗೆ ಹೋಗಿ ಬಂದರೂ ಒಂದು ಕಣ ಧೂಳು ಇರಲಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಎಲ್ಲರೂ ಹೌದು ಹೌದು ಅಂದರು.

ನಾನು ಅಂಥವರ ಎದುರು ಯಾವತ್ತೂ ಮಾತಾಡಿದವಳಲ್ಲ. ಅವತ್ತು ಬಾಗಿಲಿಂದ ಹೊರಗೆ ಬಂದೆ.

“ಸಾಹೇಬ್ರೆ, ನೀವು ಔರಾದಕ ಹೋಗಿದ್ದಿಲ್ರಿ. ಹೋಗದ ಊರಿನ ಧೂಳ ಹಾಕಂಗಿಲ್ಲ ಅಂತ ಅವರು ಬರೇ ಪಾಲಿಶ್ ಮಾಡಿದ್ರು. ಅಷ್ಟೇ ಹೇಳ್ರಿ. ಇಷ್ಟು ಮಂದಿ ಕುಂತಾರ.”

ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು, ಕರ್ಚೀಫಿನಿಂದ ಕಣ್ಣೊರೆಸಿಕೊಂಡರು, ಜನರ ಕಡೆ ತಿರುಗಿ, “ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಿದ್ದಾರೆ,” ಎಂದರು. ಶಾಂತಾಬಾಯಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು. ಸಾಹೇಬರು ಹೋಗುವಾಗ ಬಾಗಿಲ ಹತ್ತಿರ ನಿಂತು, ಮೆಲ್ಲಗೆ, “ಇವತ್ತು ಬೇಡಮ್ಮ. ವರ್ಷದ ದಿನ ಬರ್ತೀನಿ, ಆಗ ಹೇಳ್ತೀನಿ,” ಅಂದರು.

ವರ್ಷದ ದಿನ ಬಂದರು. ಊಟ ಮಾಡಿದರು, ಹೋಳಿಗೆ ಎರಡನೆಯ ಸಲ ಹಾಕಿಸಿಕೊಂಡರು, ಕೈ ಮುಗಿದು ಹೋದರು. ಆ ಒಂದು ಮಾತನ್ನು ಅವರು ಇನ್ನೂ ಹೇಳಿಲ್ಲ.