ಇಪ್ಪತ್ತೇಳನೆಯ ಹಲಗೆ

ಬೆಳಗಿನ ಐದೂವರೆ. ಮೊರೆಸಿಲ್ ಊರಿನ ಹೊಳೆ ಇನ್ನೂ ಮಂಜು ಹೊದ್ದು ಮಲಗಿದೆ. ನೀರು ಕಾಣುವುದಿಲ್ಲ, ಅದರ ಸದ್ದಷ್ಟೇ ಕೇಳುತ್ತದೆ. ಆ ಸದ್ದಿನ ನಡುವೆ ಟಕ್, ಟಕ್ ಎಂದು ಮರದ ಮೇಲೆ ಮರ ಬೀಳುವ ಇನ್ನೊಂದು ಸದ್ದು. ಮರಳಿನಲ್ಲಿ ನಿಂತು ಕಣ್ಣು ಕಿರಿದು ಮಾಡಿದರೆ ಮೊದಲು ಒಂದು ಹುಲ್ಲಿನ ಟೊಪ್ಪಿ ಕಾಣುತ್ತದೆ, ಆಮೇಲೆ ಎರಡು ಭುಜ, ಆಮೇಲೆ ಸೊಂಟದ ತನಕ ನೀರಲ್ಲಿ ನಿಂತ ಮನುಷ್ಯ. ಅವರೇ ಗ್ವಾಕ್ ಪಿಲ್‌ದು. ವಯಸ್ಸು ಎಪ್ಪತ್ತೊಂದು.

"ಅಲ್ಲೇ ನಿಲ್ಲಪ್ಪಾ! ಮರಳು ಇನ್ನೂ ಎದ್ದಿಲ್ಲ. ತುಳಿದ್ರೆ ಒಳಗೆ ಎಳ್ಕೊಳ್ಳುತ್ತೆ," ಎಂದು ಅಲ್ಲಿಂದಲೇ ಕೂಗುತ್ತಾರೆ.

ಉತ್ತರ ಗ್ಯೊಂಗ್‌ಸಾಂಗ್ ಸೀಮೆಗೆ ಬರುವ ಪ್ರವಾಸಿಗರಲ್ಲಿ ಈ ಹೊಳೆಯ ಒಂಟಿಮರದ ಸೇತುವೆಯನ್ನು ಫೋಟೋದಲ್ಲಿ ನೋಡದವರು ಕಡಿಮೆ. ಪೈನ್ ಮರದ ದಿಮ್ಮಿಯನ್ನು ಸೀಳಿ, ಚಪ್ಪಟೆ ಮುಖ ಮೇಲೆ ಮಾಡಿ, ಮರಳಿನಲ್ಲಿ ನೆಟ್ಟ ಕಾಲುಗಳ ಮೇಲೆ ಸಾಲಾಗಿ ಇಟ್ಟ ಐವತ್ತು ಹಲಗೆಗಳು. ಅಗಲ ಒಂದೂವರೆ ಗೇಣು. ಹಿಡಿಯಲು ಕಂಬಿ ಇಲ್ಲ. ಹೊಳೆಯ ಮಧ್ಯದಲ್ಲಿ ಸೇತುವೆ ಹಾವು ಸರಿದ ಹಾಗೆ ಬಳುಕುತ್ತದೆ. ಶನಿವಾರ ಭಾನುವಾರ ಬಸ್ಸುಗಟ್ಟಲೆ ಜನ ಬಂದು ಅದರ ಮೇಲೆ ನಡೆಯುತ್ತಾರೆ, ತಮ್ಮ ಕಾಲಿನ ಚಿತ್ರ ತಾವೇ ತೆಗೆದುಕೊಳ್ಳುತ್ತಾರೆ, ಕೆಲವರು ನೀರಿಗೆ ಬೀಳುತ್ತಾರೆ. ಬಿದ್ದವರನ್ನು ನೋಡಿ ನಗುವುದು ನಮ್ಮಲ್ಲಿ ತಪ್ಪಲ್ಲ. ಬಿದ್ದವರೂ ನಗುತ್ತಾರೆ. ಆದರೆ ಈ ಸೇತುವೆಯನ್ನು ಯಾರು ಕಟ್ಟಿದರು ಎಂದು ಯಾರೂ ಕೇಳುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಕಟ್ಟಿದವರು ಇವರು. ಒಮ್ಮೆ ಅಲ್ಲ, ನಲವತ್ತಾರು ಸಲ. ಪ್ರತಿ ಮಳೆಗಾಲದ ನೆರೆ ಸೇತುವೆಯನ್ನು ಕೊಂಡೊಯ್ಯುತ್ತದೆ, ಪ್ರತಿ ಸೆಪ್ಟೆಂಬರಿನಲ್ಲಿ ಪಿಲ್‌ದು ಮತ್ತೆ ನೀರಿಗಿಳಿಯುತ್ತಾರೆ. ದಿನಕ್ಕೆ ನಾಲ್ಕು ಗಂಟೆ ನೀರಲ್ಲಿ, ನಾಲ್ಕು ಹಲಗೆ. ಅದಕ್ಕಿಂತ ಹೆಚ್ಚು ಇಡುವುದಿಲ್ಲ. "ಐದನೇದು ಇಟ್ರೆ ಮಂಡಿ ರಾತ್ರಿಯೆಲ್ಲಾ ಬೈಯುತ್ತೆ," ಎನ್ನುತ್ತಾರೆ. ಅವರ ಬೆರಳ ಚರ್ಮ ವರ್ಷದಲ್ಲಿ ಒಂದು ತಿಂಗಳು ಬಿಳಿಚಿ ಸುಕ್ಕಾಗಿಯೇ ಇರುತ್ತದೆ.

ಸೇತುವೆ ಹೋಗುವುದು ಇಲ್ಲಿ ಅನಾಹುತವಲ್ಲ. ಗಟ್ಟಿಯಾಗಿ ನಿಂತರೆ ನೆರೆಯ ಕಸಕಡ್ಡಿ ಕಟ್ಟಿಕೊಂಡು ನೀರು ಊರಿಗೆ ನುಗ್ಗುತ್ತದೆ. ಹಾಗಾಗಿ ನೀರು ಏರುವ ಮೊದಲು ಪಿಲ್‌ದು ಗೂಟಗಳನ್ನು ಸಡಿಲಿಸಿ ಬಿಟ್ಟುಕೊಡುತ್ತಾರೆ. ತೇಲಿಹೋದ ಹಲಗೆಗಳ ಅಡಿಯಲ್ಲಿ ಅವರ ಅಪ್ಪನ ಕಾಲದಿಂದ ಬಂದ ಗುರುತು, ಉಳಿಯಲ್ಲಿ ಕೊರೆದ ಮೂರು ಗೀರು, ಇರುತ್ತದೆ. ಕೆಳಗಿನ ಊರುಗಳಲ್ಲಿ ಯಾರ ಗದ್ದೆಗೆ, ಯಾರ ಮೀನಿನ ಬಲೆಗೆ ಸಿಕ್ಕರೂ ಅದನ್ನು ಒಲೆಗೆ ಹಾಕುವುದಿಲ್ಲ, ತಂದು ಕೊಡುತ್ತಾರೆ. ತಂದವರಿಗೆ ಪಿಲ್‌ದು ಅವರ ಹೆಂಡತಿ ಬೊಂಗ್‌ಸಿಮ್ ಒಂದು ಅಚ್ಚು ಮುಕ್ ಕೊಡುತ್ತಾಳೆ. ಹಲಗೆಗೆ ಒಂದು ಮುಕ್. ಅಪ್ಪನ ಕಾಲದ ದರ, ಇವತ್ತಿಗೂ ಏರಿಲ್ಲ.

ಬೊಂಗ್‌ಸಿಮ್‌ಳ ಮುಕ್ ಎಂದರೆ ಸುಮ್ಮನೆ ಅಲ್ಲ. ಮೆಮಿಲ್ ಎಂಬ ಮೂರು ಮೂಲೆಯ ಕಪ್ಪು ಕಾಳನ್ನು ನೆನೆಸಿ, ರುಬ್ಬಿ, ಸೋಸಿ, ಒಂದೇ ಕಡೆಗೆ ತಿರುವುತ್ತಾ ಕಾಯಿಸಿ ಆರಿಸಿದರೆ ಬೂದು ಬಣ್ಣದ, ಮುಟ್ಟಿದರೆ ನಡುಗುವ ಗಟ್ಟಿ ಸಿದ್ಧ. ಅದನ್ನು ಉದ್ದುದ್ದ ಕೊಯ್ದು, ಒಣಮೀನಿನ ಬಿಸಿ ಸಾರಲ್ಲಿ ಹಾಕಿ, ಹುಳಿ ಕಿಮ್ಚಿ, ಸುಟ್ಟ ಕಡಲಪಾಚಿ, ಒಂದು ಹಿಡಿ ಅನ್ನ ಸೇರಿಸಿದರೆ, ನೀರಿಗೆ ಬಿದ್ದು ನಡುಗುತ್ತಿರುವ ಪ್ರವಾಸಿ ಮಾತಾಡುವುದನ್ನೇ ಮರೆಯುತ್ತಾನೆ. ಬೊಂಗ್‌ಸಿಮ್ ದಿನವೂ ತಲೆಯ ಮೇಲೆ ತಟ್ಟೆ ಹೊತ್ತು, ಇದೇ ಸೇತುವೆ ದಾಟಿ, ಆಚೆ ದಡದ ಬಸ್ ನಿಲ್ದಾಣದ ಬಳಿ ಮಾರುತ್ತಾಳೆ. ಕೈಯಿಂದ ಹಿಡಿಯುವುದಿಲ್ಲ. ತಟ್ಟೆ ಅಲುಗುವುದಿಲ್ಲ.

ಈ ವರ್ಷ ಲೆಕ್ಕ ತಪ್ಪಿದೆ. ಏಳು ಹಲಗೆ ದೂರ ಹೋಗಿದ್ದವು, ನಾಲ್ಕು ಹಿಂದೆ ಬಂದಿವೆ. ಎರಡರ ಜಾಗಕ್ಕೆ ಮನೆಯಲ್ಲಿ ಒಣಗಿಸಿಟ್ಟ ಹಲಗೆಗಳು ಆದವು. ಉಳಿದದ್ದು ಇಪ್ಪತ್ತೇಳನೆಯದು. ಸೇತುವೆ ಬಳುಕುವ ಜಾಗದಲ್ಲಿ ಕೂರುವ, ಎರಡೂ ತುದಿ ಓರೆಯಾಗಿ ಕೊಯ್ದ ಹಲಗೆ. ಬೇರೆ ಯಾವುದೂ ಅಲ್ಲಿ ಕೂರುವುದಿಲ್ಲ. ಹೊಸದು ಕೊಯ್ಯೋಣವೆಂದರೆ ಹಸಿ ಮರ ತಿರುಚಿಕೊಳ್ಳುತ್ತದೆ, ಎರಡು ಚಳಿಗಾಲ ಒಣಗಬೇಕು.

ಎರಡು ಚಳಿಗಾಲ ಕಾಯಲು ಜಿಲ್ಲಾ ಕಚೇರಿ ತಯಾರಿಲ್ಲ. ಅಕ್ಟೋಬರ್ ಮೊದಲ ಶನಿವಾರ ಸೇತುವೆ ಹಬ್ಬ. ಅಷ್ಟರೊಳಗೆ ಸೇತುವೆ ಪೂರ್ತಿಯಾಗದಿದ್ದರೆ ಚಳಿಗಾಲದಲ್ಲಿ ಉಕ್ಕಿನ ಕಂಬ ನೆಟ್ಟು, ಎಂದೂ ಕೊಚ್ಚಿಹೋಗದ ಸೇತುವೆ ಹಾಕುತ್ತೇವೆ ಎಂದು ಪ್ರವಾಸೋದ್ಯಮದ ಅಧಿಕಾರಿ ಹೇಳಿಹೋಗಿದ್ದಾರೆ. ನೋಡಲು ಮರದಂತೆಯೇ ಇರುತ್ತದಂತೆ. ಬಣ್ಣ ಬಳಿಯುತ್ತಾರಂತೆ! ಅದನ್ನು ಕೇಳಿದ ದಿನ ಇದೇ ಊರಿನವನಾದ ನನಗೇ ಅನ್ನ ಸೇರಲಿಲ್ಲ. ಪಿಲ್‌ದು ಉಳಿ ಮಸೆಯುತ್ತಾ ಕುಳಿತಿದ್ದರು.

"ಆ ಓರೆ ಹಲಗೇನ ಪ್ರತಿ ವರ್ಷ ನಾನು ಮೊದಲೇ ಎತ್ತಿ ದಡಕ್ಕೆ ತರ್ತಿದ್ದೆ, ಹೊಳೆಗೆ ಕೊಡ್ತಿರಲಿಲ್ಲ," ಎಂದು ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಾ ಹೇಳುತ್ತಾರೆ. "ಈ ಸಲ ಅದರ ಮೇಲೆ ಒಂದು ಜೋಡಿ ನಿಂತಿತ್ತು. ಮದುವೆ ಫೋಟೋಗೆ ಬಂದವರು. ಸಣ್ಣ ಮಳೆ, ಅವಳ ಬಿಳಿ ಬಟ್ಟೆ ನೀರಲ್ಲಿ ಕಾಣ್ತಿತ್ತು. ಇಳೀರಿ ಅನ್ನೋಕೆ ಮನಸ್ಸು ಬರಲಿಲ್ಲ. ಇವಳೂ ನನ್ನ ಮನೆಗೆ ಬಂದದ್ದು ಅದೇ ಹಲಗೆ ತುಳಿದುಕೊಂಡು ತಾನೇ? ಅರ್ಧ ಗಂಟೆ ಬಿಟ್ಟೆ. ಅವರು ದಡ ಸೇರಿದ್ರು, ಹಿಂದೇನೇ ನೀರು ಬಂತು."

"ಬೇರೆಯವರ ಹೆಂಡ್ತಿ ನೋಡ್ತಾ ನಿಂತು ನನ್ನ ದಾರಿ ಕಳೆದ ಗಂಡಸು," ಎಂದು ದಡದಿಂದಲೇ ಬೊಂಗ್‌ಸಿಮ್ ಚುಚ್ಚುತ್ತಾಳೆ.

"ನಿನ್ನನ್ನೇ ನೆನಸ್ಕೊಂಡೆ ಕಣೇ!"

"ನೆನಸ್ಕೊಳ್ಳೋಕೆ ನಾನೇನು ಸತ್ತಿದ್ದೀನಾ?"

ಹಲಗೆ ಸಿಕ್ಕಿದ್ದು ಬೊಂಗ್‌ಸಿಮ್‌ಳ ಕಣ್ಣಿಗೆ, ಹಬ್ಬಕ್ಕೆ ನಾಲ್ಕು ದಿನ ಇರುವಾಗ. ಮುಕ್ ತಿನ್ನಲು ಕೂತ ಹೆಂಗಸೊಬ್ಬಳು ಅಂದು ತಾನು ಸುತ್ತಿದ ಜಾಗಗಳ ಚಿತ್ರಗಳನ್ನು ಫೋನಿನಲ್ಲಿ ತೋರಿಸುತ್ತಿದ್ದಳು. ದೇವದಾರು ಕಾಡು, ಸೇಬಿನ ತೋಟ, ಹೊಳೆದಂಡೆಯ ಒಂದು ಕಾಫಿ ಅಂಗಡಿ. ಅಂಗಡಿಯ ಮುಂದಿನ ಬೆಂಚಿನ ಎರಡೂ ತುದಿ ಓರೆ. ಬೊಂಗ್‌ಸಿಮ್ ಸೌಟು ಕೆಳಗಿಟ್ಟು, "ಇದರ ಹೊಟ್ಟೆ ತೋರಿಸೇ ತಾಯಿ," ಎಂದು ಕೇಳಿದಳಂತೆ. ಫೋನಿನಲ್ಲಿ ಬೆಂಚಿನ ಹೊಟ್ಟೆ ಎಲ್ಲಿಂದ ಬರಬೇಕು?

ಮರುದಿನ ನಾನೇ ಅವರಿಬ್ಬರನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಹದಿನೆಂಟು ಕಿಲೋಮೀಟರ್ ಕೆಳಗೆ. ದಾರಿಯುದ್ದಕ್ಕೂ ಹೊಳೆ ಮಂಜಿನಲ್ಲಿ ಕಂಡು ಮರೆಯಾಗುತ್ತದೆ, ಬೊಂಗ್‌ಸಿಮ್‌ಳ ಮಡಿಲಲ್ಲಿ ಬಟ್ಟೆ ಸುತ್ತಿದ ಒಂದು ಅಚ್ಚು ಮುಕ್ ನಡುಗುತ್ತಿದೆ. ಅಂಗಡಿಯ ಒಡತಿ ತಕ್ ನಾಗ್ಯೊಂಗ್ ಮೂರು ವರ್ಷದ ಹಿಂದೆ ಪಟ್ಟಣದಿಂದ ಬಂದವಳು. ಪಿಲ್‌ದು ಮಂಡಿಯೂರಿ ಬೆಂಚಿನ ಅಡಿಗೆ ಕೈ ಹಾಕಿ ತಡವುತ್ತಾರೆ. ಒಂದು ಗೀರು, ಎರಡು, ಮೂರು. ಕೈ ಅಲ್ಲೇ ನಿಲ್ಲುತ್ತದೆ.

"ಅಜ್ಜ, ಏನು ಬಿದ್ದುಹೋಯ್ತು?" ಎಂದು ನಾಗ್ಯೊಂಗ್ ಓಡಿಬರುತ್ತಾಳೆ.

"ಬಿದ್ದದ್ದಲ್ಲಮ್ಮ, ಸಿಕ್ಕಿದ್ದು," ಎನ್ನುತ್ತಾರೆ.

ವಿಷಯ ತಿಳಿದು ಹುಡುಗಿಯ ಮುಖ ಕೆಂಪೇರುತ್ತದೆ. "ಅಯ್ಯೋ, ನನಗೆ ಯಾರೂ ಹೇಳಲೇ ಇಲ್ಲ! ನಾನೇ ನೀರಿಂದ ಎಳೆದು, ಮೂರು ದಿನ ಉಜ್ಜಿ ಎಣ್ಣೆ ಹಚ್ಚಿದೆ. ಜನ ಇದರ ಮೇಲೆ ಕೂರೋಕೇ ಅಂತ ಬರ್ತಾರೆ." ಬೊಂಗ್‌ಸಿಮ್ ಮುಕ್ ಮುಂದಿಡುತ್ತಾಳೆ. ನಾಗ್ಯೊಂಗ್ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾಳೆ, ಆಮೇಲೆ ಮೆಲ್ಲಗೆ, "ಎಣ್ಣೆ ಹಚ್ಚಿದ್ದಕ್ಕೆ ಇನ್ನೊಂದು ಅಚ್ಚು?" ಎನ್ನುತ್ತಾಳೆ.

"ಹೊಳೆಗೆ ಸುರಿದ್ರೂ ಅಳೆದು ಸುರಿ ಅಂತಾರೆ. ಹಲಗೆಗೆ ಒಂದೇ," ಎನ್ನುತ್ತಾಳೆ ಬೊಂಗ್‌ಸಿಮ್. ಕಾರು ಹತ್ತುವಾಗ ಮಾತ್ರ ತಿರುಗಿ, "ಬೇಕಿದ್ರೆ ಬಂದು ಕಲ್ತ್ಕೋ. ಕಲಿಸೋಕೆ ಅಳತೆ ಇಲ್ಲ," ಎಂದು ಸೇರಿಸುತ್ತಾಳೆ. ಹಲಗೆ ಅಂದು ಸಂಜೆಯೇ ನಾಗ್ಯೊಂಗ್‌ಳ ಪುಟ್ಟ ಟ್ರಕ್ಕಿನಲ್ಲಿ ಊರಿಗೆ ಬರುತ್ತದೆ. ಪಿಲ್‌ದು ಎರಡು ಬೆಳಗು ಕೂತು ಮೇಲ್ಮೈಯ ಎಣ್ಣೆಯನ್ನೆಲ್ಲ ಕೆರೆದು ತೆಗೆಯುತ್ತಾರೆ. ಹೊಳಪೇನೋ ಚೆಂದ, ಆದರೆ ಕಾಲು ಜಾರುತ್ತದಲ್ಲ.

ಶನಿವಾರದ ಮಂಜು ಬೇಗ ಕರಗುವುದಿಲ್ಲ. ಐವತ್ತು ಹಲಗೆಗಳೂ ಕೂತಿವೆ. ಅಧಿಕಾರಿ ಆಚೆ ದಡದಿಂದ ಪರೀಕ್ಷೆಗೆ ಹೆಜ್ಜೆಯಿಡುತ್ತಾರೆ, ಕಂಕುಳಲ್ಲಿ ಒಂದು ಕಡತ. ಈಚೆ ದಡದಿಂದ ಬೊಂಗ್‌ಸಿಮ್ ತಲೆಯ ಮೇಲೆ ತಟ್ಟೆ ಹೊತ್ತು ಹೊರಟಿದ್ದಾಳೆ. ಬಳುಕಿನಲ್ಲಿ, ಇಪ್ಪತ್ತೇಳನೆಯ ಹಲಗೆಯ ಬಳಿ, ಇಬ್ಬರೂ ಎದುರಾಗುತ್ತಾರೆ. ನಮ್ಮ ಸೇತುವೆಗೆ ಒಂದೇ ಕಾನೂನು. ಹೊರೆ ಹೊತ್ತವರಿಗೆ ದಾರಿ, ಬರಿಗೈಯವರು ಹಿಂದೆ ಸರಿಯಬೇಕು.

"ನನ್ನ ಕೈಯಲ್ಲೂ ಕಡತ ಇದೆಯಲ್ಲಮ್ಮ," ಎನ್ನುತ್ತಾರೆ ಅಧಿಕಾರಿ.

"ಅದನ್ನ ಸಾರಲ್ಲಿ ಹಾಕಿದ್ರೆ ಯಾರಾದ್ರೂ ತಿಂತಾರಾ?"

ದಡದ ಮೇಲೆ ಇನ್ನೂರು ಜನ ನಗುತ್ತಾರೆ. ಅಧಿಕಾರಿಯೂ ನಗುತ್ತಾರೆ, ಆಮೇಲೆ ಕಾಲಿನಿಂದ ತಡವಿಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ, ಹನ್ನೆರಡು ಹಲಗೆ ಹಿಂದಕ್ಕೆ ನಡೆದು, ಎದುರಾದವರಿಗೆ ದಾರಿ ಬಿಡಲೆಂದು ಬದಿಗೆ ಚಾಚಿ ಇಟ್ಟ ತುಂಡು ಹಲಗೆಯ ಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಬೊಂಗ್‌ಸಿಮ್ ಅವರ ಪಕ್ಕದಲ್ಲೇ ಮಂಜಿನೊಳಗೆ ಹಾದುಹೋಗುತ್ತಾಳೆ. ಕೊಂಚ ಹೊತ್ತು ತಟ್ಟೆ ಮಾತ್ರ ತೇಲಿ ಹೋದಂತೆ ಕಾಣುತ್ತದೆ. ಆಮೇಲೆ ಅಧಿಕಾರಿ ಅವಳ ಬಳಿಯೇ ಕೂತು ಎರಡು ಬಟ್ಟಲು ಮುಕ್ ತಿಂದು, ಸೇತುವೆ ಪೂರ್ತಿಯಾಗಿದೆ ಎಂದು ಬರೆದು ಸಹಿ ಹಾಕುತ್ತಾರೆ. ಉಕ್ಕಿನ ಮಾತು ಈ ವರ್ಷಕ್ಕಿಲ್ಲ. ಮುಂದಿನ ವರ್ಷದ ಮಾತು ಅವರೂ ಆಡುವುದಿಲ್ಲ, ನಾವೂ ಕೇಳುವುದಿಲ್ಲ.

ನಾನು ಈ ಸುದ್ದಿ ಹೊತ್ತು ಪಿಲ್‌ದು ಅವರ ಬಳಿ ಓಡುತ್ತೇನೆ. ಅವರು ಈಚೆ ದಡದ ಮರಳಿನಲ್ಲಿ ಕೂತು ಸಣ್ಣ ಬಟ್ಟಲಲ್ಲಿ ಅಕ್ಕಿ ಹೆಂಡ ಕುಡಿಯುತ್ತಿದ್ದಾರೆ. ಸಹಿಯಾಯಿತು ಎಂದರೆ ತಲೆಯಾಡಿಸುತ್ತಾರೆ, ಅಷ್ಟೇ. ಅವರ ಕಣ್ಣು ಸೇತುವೆಯ ಬಳುಕಿನ ಮೇಲಿದೆ.

"ಅದಿರಲಿ ಬಿಡಪ್ಪಾ," ಎಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾರೆ. "ಅವಳು ತಟ್ಟೆ ಹೊತ್ಕೊಂಡು ಆ ಹಲಗೆ ಮೇಲೆ ಅಷ್ಟು ಹೊತ್ತು ನಿಂತಿದ್ಲಲ್ಲ. ನೋಡಿದ್ಯಾ? ಒಂಚೂರೂ ಅಲುಗಾಡಲಿಲ್ಲ."